ಇಪ್ಪತ್ತರಲ್ಲಿ ಒಂದು

ನಾನು ಕೊಟ್ಟ ಲೆಕ್ಕಗಳೆಲ್ಲ ಬೇರೆ ಬೇರೆಯಾಗಿದ್ದವು. 25%, 75%, 45%, 15%, 35%. ಇವನ್ನು ಭಿನ್ನರಾಶಿಗೆ ಪರಿವರ್ತಿಸಿ ಎಂದು ಮೊದಲೇ ಬಾಯಲ್ಲಿ ಹೇಳಿದ್ದೆ. ಮಿಸ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಹಂತ ತಪ್ಪಿಸದೆ ಮಾಡಿದರು. ಮೇಲೆ ಅಂಶ, ಕೆಳಗೆ ಛೇದ, ಎರಡನ್ನೂ ಐದರಿಂದ ಹೊಡೆದುಹಾಕುವ ನೀಟಾದ ಓರೆಗೆರೆ. ಉತ್ತರದ ಅಡಿಯಲ್ಲಿ ಎರಡು ಗೆರೆ. ಹಾಳೆಯನ್ನು ನನ್ನ ಕಡೆ ತಳ್ಳಿದರು. ಐದಕ್ಕೂ ಒಂದೇ ಉತ್ತರ: 1/20.

"ಯಾಕಮ್ಮ, ಒಂದೇ ಲೆಕ್ಕಾನ ಇಷ್ಟು ಸಲ ಕೊಟ್ಟಿದೀಯಾ?" ಎಂದು ಕೇಳಿದರು. "ನಂಗೆ ತಲೆ ಕೆಟ್ಟಿದ್ಯಾ ಅಂತ ನೋಡ್ತಿದೀಯಾ?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪ್ರತಿಯೊಂದರಲ್ಲೂ ಅವರಿಗೆ ಕಂಡಿದ್ದು ಬಲಗಡೆಯ ಐದು ಮಾತ್ರ. ಶೇಕಡಾ ಐದು ಎಂದರೆ ನೂರಕ್ಕೆ ಐದು, ಅಂದರೆ ಇಪ್ಪತ್ತರಲ್ಲಿ ಒಂದು. ಎಡಗಡೆಯ ಎರಡು, ಏಳು, ನಾಲ್ಕು ಯಾವುವೂ ಅವರ ಪಾಲಿಗೆ ಹಾಳೆಯ ಮೇಲೆ ಇರಲಿಲ್ಲ.

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಸ್ಟ್ರೋಕ್ ಆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರಿಗೆ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಸಾಧ್ಯವಾದರೆ ಅವರ ಹಳೆಯ ಕೆಲಸ, ಇವನ್ನೆಲ್ಲ ಮತ್ತೆ ರೂಢಿ ಮಾಡಿಸುವುದು ನನ್ನ ಕೆಲಸ. ಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಿಂದ ಸ್ಕೂಟರಿನಲ್ಲಿ ಮನೆ ಮನೆಗೆ ಹೋಗುತ್ತೇನೆ. ಮಿಸ್ ಮನೆ ಪದ್ಮನಾಭನಗರದಲ್ಲಿ, ಕೆಳಗೆ ಟ್ಯೂಷನ್ ರೂಮು, ಮೇಲೆ ವಾಸ. ಬೀದಿಯವರೆಲ್ಲ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಎಂಟು, ಒಂಬತ್ತನೇ ಕ್ಲಾಸಿನವರಿಗೆ ಗಣಿತ ಹೇಳಿಕೊಡುತ್ತಿದ್ದವರು. ಒಂದು ಸಂಜೆ ಪಾಠದ ಮಧ್ಯೆ ಎಡಗೈಯಲ್ಲಿದ್ದ ಡಸ್ಟರ್ ಜಾರಿ ಬಿದ್ದಿತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ದೇಹದ ಎಡಭಾಗ ಸೋತಿತ್ತು.

ಕಾಲು ಬೇಗ ಸುಧಾರಿಸಿತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಎಡಗೈ ಏಳುತ್ತಿರಲಿಲ್ಲ, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಕಷ್ಟ ಅದಲ್ಲ. ಎಡಗಡೆ ಎನ್ನುವುದೇ ಅವರ ಲೋಕದಿಂದ ಬಿಟ್ಟುಹೋಗಿತ್ತು. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಮನಸ್ಸು ಆ ಕಡೆಗೆ ಹೋಗುತ್ತಿರಲಿಲ್ಲ. ತಟ್ಟೆಯ ಬಲಗಡೆಯ ಅನ್ನ ಮುಗಿಸಿ ಇನ್ನೂ ಸ್ವಲ್ಪ ಬಡಿಸಿ ಎನ್ನುತ್ತಿದ್ದರು. ಬಲಗೆನ್ನೆಗೆ ಮಾತ್ರ ಪೌಡರ್ ಹಚ್ಚಿಕೊಳ್ಳುತ್ತಿದ್ದರು. ಗೆರೆಯೊಂದರ ನಡುವೆ ಗುರುತು ಹಾಕಿ ಎಂದರೆ ಬಲತುದಿಯ ಹತ್ತಿರ ಹಾಕಿ, ಸರಿಯಾಗಿದೆಯಲ್ಲ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಮಕ್ಕಳಿಗೆ ಕೊಡುವಂಥ ಅಭ್ಯಾಸಗಳನ್ನು ಅವರು ಮೊದಲ ವಾರವೇ ತಳ್ಳಿಹಾಕಿದ್ದರು. "ಹೂ ಬರಿ, ಗಡಿಯಾರ ಬರಿ ಅಂತೀಯಲ್ಲ, ನಾನೇನು ಎಲ್‌ಕೆಜಿನಾ?" ಎಂದಿದ್ದರು. ಹಾಗಾಗಿ ಅವರದೇ ಪಾಠವನ್ನು ಹಿಡಿದೆ. ಶೇಕಡಾವನ್ನು ಭಿನ್ನರಾಶಿ ಮಾಡುವುದು ಚಿಕ್ಕ ಕೆಲಸ, ಒಂದೊಂದು ಲೆಕ್ಕ ನಾಲ್ಕು ಸಾಲಿನೊಳಗೆ ಮುಗಿಯುತ್ತದೆ, ಉತ್ತರ ನೋಡಿದರೆ ಯಾವ ಅಂಕಿ ಬಿಟ್ಟುಹೋಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಬಾಯಲ್ಲಿ ಕೇಳಿದರೆ ಅವರು ತಡವರಿಸುತ್ತಲೇ ಇರಲಿಲ್ಲ. "ಎಪ್ಪತ್ತೈದು ಪರ್ಸೆಂಟ್?" ಎಂದರೆ "ಮುಕ್ಕಾಲು" ಎನ್ನುತ್ತಿದ್ದರು, ನನ್ನ ಮಾತು ಮುಗಿಯುವ ಮುಂಚೆಯೇ. ಅದನ್ನೇ ಬರೆದು ತೋರಿಸಿದರೆ ಇಪ್ಪತ್ತರಲ್ಲಿ ಒಂದು. 60% ಬರೆದುಕೊಟ್ಟ ದಿನ ಪೆನ್ನು ಕೆಳಗಿಟ್ಟು ನಕ್ಕರು. "ಸೊನ್ನೆ ಪರ್ಸೆಂಟನ್ನ ಭಿನ್ನರಾಶಿ ಮಾಡು ಅಂತ ಯಾವ ಟೀಚರಮ್ಮ ನಿಂಗೆ ಹೇಳ್ಕೊಟ್ಟಿದ್ದು?"

ಅವರ ಯಜಮಾನರಿಗೆ ಬನಶಂಕರಿಯಲ್ಲಿ ಜೆರಾಕ್ಸ್ ಅಂಗಡಿ. ಹೆಂಡತಿಗೆ ಹೀಗಾದಾಗಿನಿಂದ ಷಟರ್ ಎಳೆದೇ ಇತ್ತು. ನನ್ನನ್ನು ಗೇಟಿನವರೆಗೆ ಕಳಿಸಲು ಬಂದಾಗಲೆಲ್ಲ ಕೇಳುತ್ತಿದ್ದುದು ಒಂದೇ. "ಮೇಡಂ, ಇವಳನ್ನ ಒಬ್ಬಳನ್ನೇ ಬಿಟ್ಟು ಹೋಗ್ಬಹುದಾ? ಮಧ್ಯಾಹ್ನದ ತನಕ ಆದ್ರೂ?"

"ಈಗ್ಲೇ ಬೇಡ ಸಾರ್. ಅವರಿಗೆ ಕಾಣದೇ ಇರೋದು ಏನು ಅಂತ ಅವರಿಗೇ ಗೊತ್ತಿಲ್ಲ" ಎನ್ನುತ್ತಿದ್ದೆ. ಡಾಕ್ಟರು ಮುಂದಿನ ತಪಾಸಣೆಗೆ ನನ್ನ ರಿಪೋರ್ಟ್ ಕೇಳಿದ್ದರು. ಅದರ ಮೇಲೆಯೇ ಮಿಸ್ ಟ್ಯೂಷನ್ನಿಗೆ ಮರಳುವುದೂ ಯಜಮಾನರು ಅಂಗಡಿಗೆ ಮರಳುವುದೂ ನಿಂತಿತ್ತು.

ಮಿಸ್ ಪಕ್ಕ ಒಬ್ಬರು ಕೂತಿದ್ದಾರೆಂದು ನನಗೆ ತಿಳಿದಿದ್ದು ಕಾಫಿಯ ಹೊತ್ತಿನಲ್ಲಿ. ಯಜಮಾನರು ಎರಡು ಲೋಟ ತಂದಿಟ್ಟರು. ಮಿಸ್ ಮುಖ ಸಣ್ಣದು ಮಾಡಿಕೊಂಡು, "ರೀ, ಅವರಿಗೆ?" ಎಂದರು.

"ಯಾರಿಗೆ?"

"ಇವರಿಗೆ" ಎಂದು ಬಲಗೈಯನ್ನು ಮೈಮೇಲಿಂದ ದಾಟಿಸಿ, ಕುರ್ಚಿಯ ತೋಳಿನ ಮೇಲೆ ಬಿದ್ದಿದ್ದ ತಮ್ಮದೇ ಎಡಗೈಯನ್ನು ಮೆಲ್ಲಗೆ ತಟ್ಟಿದರು. "ಬಂದು ಎಷ್ಟು ಹೊತ್ತಾಯ್ತು ಪಾಪ. ಮಾತೇ ಆಡಲ್ಲ. ಸುಮ್ನೆ ಕೈ ಇಟ್ಕೊಂಡು ಕೂತಿರ್ತಾರೆ."

ಯಜಮಾನರು ನನ್ನ ಕಡೆ ನೋಡಿದರು. ಅವರಿಗೆ ಇದು ಹೊಸದಲ್ಲ ಎಂದು ಆ ನೋಟದಲ್ಲೇ ಗೊತ್ತಾಯಿತು. ಆಮೇಲೆ ಮೆಟ್ಟಿಲ ಹತ್ತಿರ ಹೇಳಿದರು. ಆಸ್ಪತ್ರೆಯಿಂದ ಬಂದ ದಿನದಿಂದಲೂ ಹೀಗೇ. ಯಾರು ಎಂದು ಕೇಳಿದರೆ ಹೆಸರು ಹೇಳುವುದಿಲ್ಲ. ಹೆಂಗಸು, ವಯಸ್ಸಾದವರು, ತಣ್ಣನೆಯ ಕೈ. ಅಷ್ಟೇ.

ಇಂಥದ್ದನ್ನು ನಾನು ಓದಿದ್ದೆ. ಮಿದುಳಿಗೆ ತನ್ನ ಕೈಯ ಸುದ್ದಿ ಬರುವುದು ನಿಂತಾಗ, ಕಣ್ಣೆದುರು ಬೀಳುವ ಆ ಕೈ ಬೇರೆಯವರದೆಂದು ಅದು ಕಥೆ ಕಟ್ಟಿಕೊಳ್ಳುತ್ತದೆ. ಓದಿದ್ದೇ ಬೇರೆ. ಮಟಮಟ ಮಧ್ಯಾಹ್ನ, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿರುವಾಗ, ಒಬ್ಬರು ತಮ್ಮ ಕೈಯನ್ನೇ ಅತಿಥಿಯ ಕೈ ಎಂದು ನೇವರಿಸುವುದನ್ನು ನೋಡುವುದೇ ಬೇರೆ. "ಮಿಸ್, ಅದು ನಿಮ್ಮದೇ ಕೈ" ಎಂದೆ. ಅವರು ಎಷ್ಟು ಸಿಟ್ಟಾದರೆಂದರೆ ಆವತ್ತಿನ ಅಭ್ಯಾಸ ಅಲ್ಲಿಗೇ ನಿಂತಿತು. "ಬಂದೋರ ಎದುರಿಗೆ ಹೀಗೆಲ್ಲ ಮಾತಾಡ್ತಾರಾ?"

ನಿಯಮದ ಪ್ರಕಾರ ಮುಂದಿನ ಹೆಜ್ಜೆ ಕೆಂಪು ಗೆರೆ. ಹಾಳೆಯ ಎಡ ಅಂಚಿನಲ್ಲಿ ದಪ್ಪಗೆ ಕೆಂಪು ಗೆರೆ ಎಳೆದು, ಅದು ಕಾಣುವವರೆಗೂ ತಲೆ ತಿರುಗಿಸಿ, ಆಮೇಲೆ ಓದಿ ಎಂದು ಹೇಳಿಕೊಡುವುದು. ಬೇರೆಯವರಲ್ಲಿ ಇದು ಕೆಲಸ ಮಾಡಿತ್ತು. ಮಿಸ್ ಮಾತ್ರ ಅಂಕಿಯ ಹತ್ತಿರ ಬರುವಷ್ಟರಲ್ಲಿ ನಿಂತುಬಿಡುತ್ತಿದ್ದರು. ಅಲ್ಲೊಂದು ಗೋಡೆ ಇರುವಂತೆ ಕುತ್ತಿಗೆ ಮುಂದಕ್ಕೆ ಹೋಗುತ್ತಿರಲಿಲ್ಲ. "ಗೆರೆ ಎಲ್ಲಿದೆಯಮ್ಮ? ನೀನು ಎಳೆಯೋದು ಮರೆತಿದೀಯಾ" ಎನ್ನುತ್ತಿದ್ದರು. ಎರಡು ವಾರ ಹೀಗೇ ಹೋಯಿತು. ನನ್ನ ಫೈಲಿನ ತುಂಬ ಇಪ್ಪತ್ತರಲ್ಲಿ ಒಂದುಗಳು.

ಆಮೇಲೆ ಒಂದು ಮಧ್ಯಾಹ್ನ 75% ಎಂದು ಬರೆದಿದ್ದ ಕಾರ್ಡ್ ಹಿಡಿದೆ. "ಐದು ಪರ್ಸೆಂಟ್" ಎಂದು ಗಟ್ಟಿಯಾಗಿ ಓದಿದರು. ಪೆನ್ನು ತೆಗೆದುಕೊಂಡು ಬರೆದರು: 3/4.

ನಾನು ಕಾರ್ಡನ್ನೂ ಅವರ ಮುಖವನ್ನೂ ನೋಡಿದೆ. "ಮಿಸ್, ಏನಂತ ಓದಿದ್ರಿ?"

"ಐದು."

"ಐದಕ್ಕೆ ಮುಕ್ಕಾಲು ಹೇಗೆ ಬಂತು?"

ಅವರು ತಮ್ಮ ಉತ್ತರವನ್ನು ನೋಡಿ ಅರೆಗಳಿಗೆ ಗೊಂದಲಪಟ್ಟರು. ಆಮೇಲೆ, ಕ್ಲಾಸಿನಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರ ಹಾಗೆ ದನಿ ತಗ್ಗಿಸಿ, "ಅವರು ಹೇಳಿದ್ರು" ಎಂದರು.

ಫ್ಯಾನ್ ತಿರುಗುತ್ತಿತ್ತು. ಎಡಗೈ ಎಂದಿನಂತೆ ಕುರ್ಚಿಯ ತೋಳಿನ ಮೇಲೆ, ಬೆರಳು ಒಳಕ್ಕೆ ಮಡಚಿಕೊಂಡು ಬಿದ್ದಿತ್ತು. ಮೊದಲು ನನ್ನ ಮೇಲೇ ಅನುಮಾನಪಟ್ಟೆ. ಗೊತ್ತಿಲ್ಲದೆ ನಾನೇ ತುಟಿ ಆಡಿಸಿರಬಹುದು. ಕಾರ್ಡುಗಳನ್ನು ಕಲೆಸಿ, ಅಂಕಿ ನನಗೂ ಕಾಣದ ಹಾಗೆ ಹಿಂಭಾಗವನ್ನು ನನ್ನ ಕಡೆ ತಿರುಗಿಸಿಕೊಂಡು, ಕಿಟಕಿ ನೋಡುತ್ತಾ ಹಿಡಿದೆ. ಅವರು "ಐದು" ಎಂದು ಓದಿ ಕಾಲು ಎಂದು ಬರೆದರು. ಕಾರ್ಡ್ ತಿರುಗಿಸಿದರೆ 25%. ಇನ್ನೊಮ್ಮೆ "ಐದು" ಎಂದು 9/20 ಬರೆದರು, ಕಾರ್ಡಿನಲ್ಲಿ 45%. ಎಲ್ಲ ಸಲವೂ ಹೀಗಾಗಲಿಲ್ಲ. ನಡುನಡುವೆ ಇಪ್ಪತ್ತರಲ್ಲಿ ಒಂದೂ ಬಂತು. ಆದರೆ ಸರಿ ಬಂದಾಗಲೆಲ್ಲ ಅವರ ತಲೆ ಒಂದಿಷ್ಟು ಎಡಕ್ಕೆ, ಪಿಸುಮಾತು ಕೇಳುವವರ ಹಾಗೆ ವಾಲುತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಅವರ ಕಣ್ಣು ನೋಡ್ತಿದೆ, ಮಿದುಳಿಗೂ ಅದು ತಲುಪ್ತಿದೆ. ತಲುಪಿದೆ ಅನ್ನೋದು ಮಾತ್ರ ಅವರಿಗೆ ತಿಳೀತಿಲ್ಲ. ಒಳಗಿಂದ ಬಂದ ಉತ್ತರಕ್ಕೆ ಒಬ್ಬರು ವಾರಸುದಾರರು ಬೇಕಲ್ಲ, ಪಕ್ಕದಲ್ಲಿ ಕೂತೋರಿಗೆ ಕೊಟ್ಟಿದಾರೆ. ಒಳ್ಳೇ ಲಕ್ಷಣ ಅದು. ನೀವು ಮಾತ್ರ ಆ ಹೆಂಗಸು ಇದ್ದಾರೆ ಅಂತ ಒಪ್ಕೋಬೇಡಿ." ವಿವರಣೆ ಸರಿಯಾಗಿತ್ತು. ಆದರೂ ಮಾರನೆಯ ದಿನದಿಂದ ಆ ಮನೆಯ ಮೆಟ್ಟಿಲು ಹತ್ತುವಾಗ, ಒಳಗೆ ಎಷ್ಟು ಜನ ಇದ್ದಾರೆ ಎಂದು ನನ್ನ ಮನಸ್ಸು ಎಣಿಸುತ್ತಿತ್ತು.

ಅದೇ ವಾರದ ಕೊನೆಯಲ್ಲಿ ಹೋದಾಗ ಯಜಮಾನರು ಬಾಗಿಲಲ್ಲೇ ಸಿಕ್ಕರು. ಕೈಯಲ್ಲಿ ಹತ್ತಿ, ಮುಲಾಮು. ಅವರು ಸ್ನಾನಕ್ಕೆ ಹೋಗಿದ್ದಾಗ ಮಿಸ್ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ ಎತ್ತಿ ಇಟ್ಟಿದ್ದರು. ಇಟ್ಟಿದ್ದು ಕಟ್ಟೆಯ ಮೇಲಲ್ಲ, ಕಟ್ಟೆಯ ಮೇಲೆ ಬಿದ್ದಿದ್ದ ಎಡಗೈ ಮೇಲೆ. ಕುದಿಯುವ ಪಾತ್ರೆ ಎಷ್ಟು ಹೊತ್ತು ಅಲ್ಲಿತ್ತೋ. ಯಜಮಾನರು ಬಂದು ನೋಡಿದಾಗ ಅವರು ಪಕ್ಕದಲ್ಲಿ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರಂತೆ.

ಒಳಗೆ ಮಿಸ್ ಮುಖದಲ್ಲಿ ನಿಜವಾದ ಮರುಕ. "ನೋಡಮ್ಮ, ಅವರ ಕೈ ಸುಟ್ಟೋಯ್ತು. ಅಷ್ಟು ಸುಟ್ರೂ ಒಂದು ಮಾತಾಡ್ಲಿಲ್ಲ. ಎಂಥಾ ತಾಳ್ಮೆ!"

ಹಿಂಗೈಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ನೋಡುತ್ತಿದ್ದ ನನ್ನ ಕೈ ಉರಿಯಿತು. ಅವರಿಗೆ ಏನೂ ಇಲ್ಲ.

ಯಜಮಾನರು ಬ್ಯಾಂಡೇಜ್ ತರಲು ಮೆಡಿಕಲ್ ಸ್ಟೋರಿಗೆ ಹೊರಟರು. ಗಾಯ ನೋಡಲು ನಾನು ಮೊದಲ ಸಲ ಮಿಸ್ ಅವರ ಎಡಗಡೆಗೆ ಸ್ಟೂಲ್ ಎಳೆದುಕೊಂಡು ಕೂತೆ. ಅಲ್ಲಿಯವರೆಗೆ ಅವರ ಎದುರಿಗೆ, ಇಲ್ಲವೇ ಬಲಕ್ಕೆ ಕೂರುತ್ತಿದ್ದೆ. ನಾನು ಈ ಕಡೆಗೆ ದಾಟಿದ್ದೇ ತಡ, ಅವರ ಕಣ್ಣು ನನ್ನನ್ನು ಬಿಟ್ಟುಬಿಟ್ಟಿತು. ಬಲಗಡೆ ಬಾಗಿಲ ಕಡೆ ನೋಡಿ, "ಹೋದ್ಲು ಅನ್ಸುತ್ತೆ" ಎಂದರು. ಆಮೇಲೆ ಮುಖ ಅತ್ತಲೇ ಇಟ್ಟುಕೊಂಡು ಮಾತು ಈ ಕಡೆಗೆ ಬಿಟ್ಟರು.

"ನೀವು ಇದೀರಲ್ವಾ?"

ನನಗೆ ಮಿಸ್ ಯಾವತ್ತೂ ನೀವು ಎಂದವರಲ್ಲ. ಅವರು ಮಾತಾಡುತ್ತಿದ್ದುದು ನನ್ನೊಂದಿಗಲ್ಲ. ನಾನು ಆ ಹೆಂಗಸಿನ ಜಾಗದಲ್ಲಿ ಕೂತಿದ್ದೆ.

"ಆ ಹುಡುಗಿ ಹತ್ರ ಹೇಳ್ಬೇಡಿ" ಎಂದರು. "ನಮ್ಮ ಯಜಮಾನರ ಹತ್ರಾನೂ ಬೇಡ. ಏನೋ ಹೋಗಿದೆ. ಏನು ಹೋಗಿದೆ ಅಂತ ನಂಗೆ ಗೊತ್ತಾಗ್ತಿಲ್ಲ. ಬೋರ್ಡ್ ತುಂಬ ಬರೆದಿರ್ತೀನಿ, ಮಕ್ಕಳು ಮುಖ ಮುಖ ನೋಡ್ಕೋತಾರೆ, ಹಂಗೆ ಕನಸು ಬೀಳುತ್ತೆ. ಎಲ್ಲಾ ಸರಿಯಾಗೇ ಕಾಣುತ್ತೆ. ಆದ್ರೆ ಸರಿ ಇಲ್ಲ." ಆಮೇಲೆ ಕೇಳಿದರು. "ನಾನು ಸರಿ ಹೋಗ್ತೀನಾ?"

ನಾನು ಹ್ಞೂಂ ಎಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ನಂಬಿ, ಬೇಕಾದ ಅಭ್ಯಾಸವನ್ನೆಲ್ಲ ಆಕೆಯ ಮಾತಿನ ಮೇಲೆ ಮಾಡುತ್ತಿದ್ದರೋ ಏನೋ. ನಾನು ಬಾಯಿ ತೆರೆಯುವ ಮುಂಚೆ ಮಿಸ್ ತಲೆ ಎಡಕ್ಕೆ ಒಂದಿಷ್ಟು ವಾಲಿತು. ಕೇಳಿಸಿಕೊಂಡವರ ಹಾಗೆ ನಿಧಾನಕ್ಕೆ ತಲೆಯಾಡಿಸಿದರು.

"ಹೌದಾ" ಎಂದರು.

ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ನಾನು ಏನೂ ಹೇಳಿರಲಿಲ್ಲ. ಆ ಕೋಣೆಯಲ್ಲಿ ಇನ್ನೊಂದು ಗಳಿಗೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಅವರ ಎಡಗೈಯ ಗಾಯವಾಗದ ಮಣಿಕಟ್ಟನ್ನು ಹಿಡಿದು, ಕೈಯನ್ನು ಎತ್ತಿ, ಮೈಯ ನಡುಗೆರೆ ದಾಟಿಸಿ ಅವರ ಕಣ್ಣು ಇರುವ ಕಡೆಗೆ ತಂದೆ. ಕೈಯ ಹಿಂದೆಯೇ ನನ್ನ ಮುಖವೂ ಬಂತು. ಅವರು ಬೆಚ್ಚಿಬಿದ್ದರು.

"ಮಿಸ್, ಇದು ನಾನು. ಥೆರಪಿ ಹುಡುಗಿ. ನೀವು ಹೇಳಿದ್ದೆಲ್ಲ ನಾನೇ ಕೇಳಿಸಿಕೊಂಡೆ."

ಅವರ ಮುಖ ಬಿಳುಚಿತು. "ನೀನು ಎಲ್ಲಿದ್ದೆ?"

"ನಿಮ್ಮ ಪಕ್ಕದಲ್ಲೇ ಇದ್ದೆ. ನಿಮಗೆ ಕಾಣಲ್ಲ ಅನ್ನೋ ಜಾಗದಲ್ಲಿ. ಅಲ್ಲಿ ಜಾಗ ಇದೆ ಮಿಸ್. ಈ ಕೈ ಯಾರದು ಅಂತ ಇನ್ಮೇಲೆ ನಾವಿಬ್ರೂ ಜಗಳ ಆಡೋದು ಬೇಡ. ಅದು ಎಲ್ಲಿದೆ ಅಂತ ಮಾತ್ರ ನೋಡೋಣ."

ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ನಾಳೆ ಬಾ" ಎಂದರು.

ನಾನು ದಾರಿ ಬದಲಿಸಿದ್ದು ಅವತ್ತೇ. ಎಡಕ್ಕೆ ತಿರುಗಿ ಎಂದು ಅವರನ್ನು ಎಳೆಯುವುದು ಬಿಟ್ಟು, ಹಾಳೆಯನ್ನೇ ತಿರುಗಿಸಿದೆ. ಅವರ ತೊಂದರೆ ಎಡ ಬಲದ್ದು, ಮೇಲೆ ಕೆಳಗಿನದಲ್ಲ. ತಾವೇ ಬರೆದ ಭಿನ್ನರಾಶಿಯಲ್ಲಿ ಮೇಲಿನ ಅಂಶವನ್ನಾಗಲಿ ಕೆಳಗಿನ ಛೇದವನ್ನಾಗಲಿ ಅವರು ಒಮ್ಮೆಯೂ ಕಳೆದುಕೊಂಡಿರಲಿಲ್ಲ. ಅಷ್ಟು ದಿನ ನನ್ನ ಕಣ್ಣೆದುರೇ ಇದ್ದ ಸಂಗತಿ. ಹಾಗಾಗಿ 75% ಬರೆದ ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಅವರ ನಡು ಎದೆಯ ನೇರಕ್ಕೆ ಇಟ್ಟೆ. ಏಳು ಮೇಲೆ ಹೋಯಿತು, ಐದು ಕೆಳಗೆ ಬಂತು. ಗಾಯ ಒಣಗುವವರೆಗೆ ಕಾದು, ಆ ಎಡಗೈಯನ್ನು ಹಾಳೆಯ ಮೇಲ್ತುದಿಯಲ್ಲಿ ಇಡಿಸಿದೆ. ಓದು ಶುರುವಾಗಬೇಕಾದ್ದು ಕೈ ಇರುವ ಜಾಗದಿಂದ.

"ಎಪ್ಪತ್ತೈದು" ಎಂದು ಓದಿದರು. ಹಾಳೆಯಿಂದ ಅವರು ಓದಿದ ಮೊದಲ ಎಪ್ಪತ್ತೈದು. ಮುಕ್ಕಾಲು ಎಂದು ಬರೆದು, "ಏಳು ಎಲ್ಲಿಂದ ಬಂತು?" ಎಂದು ಕೇಳಿದರು. ದನಿಯಲ್ಲಿ ಹೆದರಿಕೆಯಿತ್ತು.

ಆಮೇಲೆ ದಿನಕ್ಕಿಷ್ಟು ಎಂದು ಹಾಳೆಯನ್ನು ವಾಪಸ್ ತಿರುಗಿಸುತ್ತಾ ಬಂದೆ. ಎಷ್ಟು ಮೆಲ್ಲಗೆಂದರೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣಬಾರದು. ಹಾಳೆಯ ಜೊತೆ ಅಂಕಿಯ ತಲೆ ಎಡಕ್ಕೆ ವಾಲುತ್ತಿತ್ತು, ಕೈಯೂ ಅದರ ಜೊತೆ ಸರಿಯುತ್ತಿತ್ತು, ಕಣ್ಣು ಕೈಯನ್ನು ಹಿಂಬಾಲಿಸುತ್ತಿತ್ತು. ಒಂದು ಹಂತದಲ್ಲಿ ಎಲ್ಲ ಮುರಿದುಬಿತ್ತು. ಮತ್ತೆ "ಐದು", ಮತ್ತೆ ಇಪ್ಪತ್ತರಲ್ಲಿ ಒಂದು. ಹಿಂದಕ್ಕೆ ಹೋಗಿ ಓರೆ ಹೆಚ್ಚು ಮಾಡಿ ಮತ್ತೆ ಬಂದೆವು. ಆ ದಿನಗಳಲ್ಲಿ ಮಿಸ್ ಎಡಕ್ಕೆ ಮಾತಾಡುವುದು ಕಡಿಮೆಯಾಯಿತು. ಒಮ್ಮೆ ಮಾತ್ರ, "ಅವರು ಹಿಂದೆ ಹಿಂದೆ ಸರೀತಿದಾರೆ ಕಣಮ್ಮ. ನಾನು ನೋಡಿದಷ್ಟೂ ಜಾಗ ಬಿಟ್ಕೊಡ್ತಿದಾರೆ" ಎಂದರು. ನಾನು ಆ ಕಡೆ ನೋಡಲಿಲ್ಲ.

ಹಾಳೆ ನೆಟ್ಟಗಾದ ದಿನ 75, 25, 45 ಮೂರನ್ನೂ ಸರಿಯಾಗಿ ಓದಿದರು. ನನಗೆ ಖುಷಿಯಾಗಿ ಚಪ್ಪಾಳೆ ತಟ್ಟಬೇಕೆನಿಸಿತು. ಮಿಸ್ ಅಂಕಿಗಳನ್ನು ನೋಡುತ್ತಿರಲಿಲ್ಲ. ಹಾಳೆಯ ಎಡ ಅಂಚಿನ ಮೇಲಿದ್ದ ಕೈಯನ್ನು ನೋಡುತ್ತಿದ್ದರು. ಸುಟ್ಟ ಕಲೆ, ಬೆರಳಿನ ಉಂಗುರ, ಮಣಿಕಟ್ಟು, ಮೊಣಕೈ, ಹೀಗೆ ಕಣ್ಣು ಮೇಲೆ ಮೇಲೆ ಹತ್ತಿ ತಮ್ಮ ಭುಜಕ್ಕೆ ಬಂದು ನಿಂತಿತು. ಮತ್ತೆ ಕೆಳಗಿಳಿದು ಕಲೆಯವರೆಗೆ ಹೋಯಿತು.

"ರೀ" ಎಂದು ಒಳಗಿದ್ದ ಯಜಮಾನರನ್ನು ಕೂಗಿದರು. ಅವರು ಓಡಿಬಂದರು. "ಇದು ಯಾವಾಗ ಸುಟ್ಟಿದ್ದು? ನಂಗ್ಯಾಕೆ ಹೇಳ್ಲಿಲ್ಲ?"

ಯಜಮಾನರು ಅವರ ಪಕ್ಕ ಕುಕ್ಕರಿಸಿ ಕೂತರು. ಮಿಸ್ ಕೈ ಎತ್ತಲು ನೋಡಿದರು. ಅದು ಏಳಲಿಲ್ಲ. ಇನ್ನೊಮ್ಮೆ ನೋಡಿದರು. ಅಷ್ಟು ತಿಂಗಳು ಅವರಿಗೆ ಲಕ್ವ ಹೊಡೆದೇ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಹೊಡೆದಿದ್ದು ಆ ಮಧ್ಯಾಹ್ನ, ನಮ್ಮಿಬ್ಬರ ಕಣ್ಣೆದುರು. ಅವರು ಅತ್ತ ಬಗೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಕೆಲವು ವಾರ ಅವರು ಪೆನ್ನು ಮುಟ್ಟಲಿಲ್ಲ. "ಅವರಿದ್ದಾಗಲೇ ಚೆನ್ನಾಗಿತ್ತು" ಎಂದು ಒಮ್ಮೆ ಹೇಳಿದರು. ನಾನು ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ. ಡಾಕ್ಟರು ಇದು ಬರಬೇಕಾದದ್ದೇ ಎಂದು ಮಾತ್ರೆ ಬರೆದುಕೊಟ್ಟರು. ಟೆಸ್ಟುಗಳೆಲ್ಲ ಸುಧಾರಣೆ ತೋರಿಸುತ್ತಿದ್ದವು. ನಾನು ಕೊಟ್ಟಿದ್ದು ಏನು, ಕಿತ್ತುಕೊಂಡಿದ್ದು ಏನು ಎಂದು ಸ್ಕೂಟರಿನಲ್ಲಿ ವಾಪಸ್ ಬರುವಾಗ ಎಷ್ಟೋ ಸಲ ಯೋಚಿಸಿದ್ದೇನೆ. ಪಾತ್ರೆಯ ಕೆಳಗೆ ಬಿದ್ದಿದ್ದ ಆ ಕೈಯನ್ನು ನೆನೆದಾಗ ಮಾತ್ರ ನನಗೆ ಅನುಮಾನ ಇರುತ್ತಿರಲಿಲ್ಲ.

ಮತ್ತೆ ಶುರು ಮಾಡಿದ್ದು ಅವರೇ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಪರೀಕ್ಷೆಗೆ ಮುಂಚೆ ಅಳುತ್ತಾ ಬಂದಳಂತೆ, ಶೇಕಡಾ ಪಾಠ ತಲೆಗೆ ಹತ್ತುತ್ತಿಲ್ಲವೆಂದು. ಅಷ್ಟು ಹೊತ್ತಿಗೆ ನಾನು ರಿಪೋರ್ಟ್ ಕೊಟ್ಟಾಗಿತ್ತು. ಒಲೆ ಹಚ್ಚುವ ಹಾಗಿಲ್ಲ, ಒಬ್ಬರೇ ರಸ್ತೆ ದಾಟುವ ಹಾಗಿಲ್ಲ, ಮಧ್ಯಾಹ್ನದವರೆಗೆ ಮನೆಯಲ್ಲಿ ಒಬ್ಬರೇ ಇರಬಹುದು. ಯಜಮಾನರು ಷಟರ್ ಎತ್ತಿದ್ದರು.

ನಾನು ಕೊನೆಯ ಸಲ ಹೋದಾಗ ಕೆಳಗಿನ ರೂಮಿನಲ್ಲಿ ಆ ಹುಡುಗಿ ಪುಸ್ತಕ ಬಿಚ್ಚಿಕೊಂಡು ಮಿಸ್ ಅವರ ಬಲಗಡೆ ಕೂತಿದ್ದಳು. ಯಾರೋ ದೊಡ್ಡವರು ಹೇಳಿ ಕಳಿಸಿದ್ದಿರಬೇಕು, ಅವರಿಗೆ ಕಾಣುವ ಕಡೆ ಕೂರು ಎಂದು.

"ಇಲ್ಲಿ ಬೇಡ" ಎಂದರು ಮಿಸ್. "ಆ ಕಡೆ ಹೋಗಿ ಕೂರು."

"ಆ ಕಡೆ ನಿಮಗೆ ಕಾಣಲ್ಲ ಅಂದ್ರು ಮಿಸ್."

"ಅದಕ್ಕೇ ಹೋಗು ಅಂದಿದ್ದು."

ಹುಡುಗಿ ಎದ್ದು ಎಡಕ್ಕೆ ಹೋದಳು. ಮಿಸ್ ಅವರ ಕಣ್ಣು ಅವಳನ್ನು ನಡುವಿನವರೆಗೆ ಹಿಂಬಾಲಿಸಿ ಕೈಬಿಟ್ಟಿತು. ರೂಮಿನಲ್ಲಿ ಯಾರೂ ಇಲ್ಲವೆಂಬಂತೆ ಅವರ ಮುಖ ಖಾಲಿಯಾಯಿತು. ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಆ ತುದಿಗೆ ಇಟ್ಟರು. ಆಮೇಲೆ ಕುತ್ತಿಗೆ ತಿರುಗತೊಡಗಿತು. ಬಾಗಿಲು ದಾಟಿ, ಬೋರ್ಡ್ ದಾಟಿ, ಮುಂಚೆ ಗೋಡೆ ಇರುತ್ತಿದ್ದ ಜಾಗದಲ್ಲಿ ಒಮ್ಮೆ ನಿಂತು, ಅದನ್ನೂ ದಾಟಿ, ಕತ್ತಲೆಯಲ್ಲಿ ತಡಕಾಡುವವರ ಹಾಗೆ ಹುಡುಕುತ್ತಾ ಹೋಯಿತು. ಹುಡುಗಿ ಅಲ್ಲಾಡದೆ ಕಾದಳು.

"ಇದೀಯೇನೇ?"

"ಇದೀನಿ ಮಿಸ್."

"ಹ್ಞಾಂ, ಸಿಕ್ದೆ" ಎಂದರು. "ಬರ್ಕೋ. ಶೇಕಡಾ ಅಂದ್ರೆ ನೂರಕ್ಕೆ."